ಹನಿ ನೀರು ಹೊರಗೆ ಹೋಗದ ಬೇಸಿಗೆ

ಮೊನ್ನೆ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ತಾಮ್ರದ ನೈಟ್ರೇಟಿನ ಹರಳುಗಳನ್ನು ಪ್ರನಾಳಕ್ಕೆ ಹಾಕಿ ಬರ್ನರಿನ ಮೇಲೆ ಹಿಡಿದಳು. ಪುಸ್ತಕದಲ್ಲಿ ಬರೆದಿರುವ ಹಾಗೆಯೇ ನೀಲಿ ಹರಳು ಕರಗಿತು, ಕುದಿಯಿತು, ಕಪ್ಪಾಯಿತು. ಪ್ರನಾಳದ ಬಾಯಿಂದ ಕಂದು ಹೊಗೆ ಎದ್ದಿತು. "ಮೇಡಂ, ಬಂತು!" ಎಂದು ಅವಳು ಖುಷಿಯಿಂದ ಕೂಗಿದಳು. ನಾನು ಬರ್ನರ್ ಆರಿಸಿ, ಪ್ರನಾಳವನ್ನು ಅವಳ ಕೈಯಿಂದ ಕಸಿದುಕೊಂಡು ಎಲ್ಲರನ್ನೂ ಹೊರಗೆ ಕಳಿಸಿಬಿಟ್ಟೆ. ಒಂದು ಚಿಟಿಕೆ ಉಪ್ಪಿನಿಂದ ಬಂದ ಹೊಗೆ ಅದು, ಕಿಟಕಿಯಿಂದ ಆಗಲೇ ಹೊರಗೆ ಹೋಗಿತ್ತು. ಹುಡುಗಿಯರು ಹೊರಗಡೆ ನಿಂತು, ಮೇಡಮ್ಮಿಗೆ ಏನಾಯಿತು ಎಂದು ಪಿಸುಗುಟ್ಟುತ್ತಿದ್ದರು. ನನ್ನ ಮೂಗಿನಲ್ಲಿ ಮಾತ್ರ ದೇಶನೂರಿನ ಆ ಬೇಸಿಗೆ ನಿಂತುಬಿಟ್ಟಿತ್ತು.

ಎಂ.ಎಸ್ಸಿ. ಮುಗಿಸಿದ ಮೇಲೆ ಕೆಲವು ವರ್ಷ ನಾನು ಸಿರುಗುಪ್ಪ ತಾಲೂಕಿನ ದೇಶನೂರಿನ ಹತ್ತಿರ ಒಂದು ಚಿಕ್ಕ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಬಳ್ಳಾರಿ ಗಾಂಧಿನಗರದ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸು ಹಿಡಿಯುತ್ತಿದ್ದೆ. ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯೊಂದನ್ನು ಕೊಂಡು ರುದ್ರಪ್ಪನವರು ಆ ಕಾರ್ಖಾನೆ ನಡೆಸುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಹೊಗೆಯನ್ನು ಶುದ್ಧ ಮಾಡುವ ಗುಂಡುಗಳು. ಕಡಲೆಕಾಳಿನ ಗಾತ್ರದ, ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿರುವ ಬಿಳಿ ಅಲ್ಯುಮಿನಾ ಗುಂಡುಗಳಿಗೆ ತಾಮ್ರ ಮತ್ತು ಮ್ಯಾಂಗನೀಸಿನ ಆಕ್ಸೈಡನ್ನು ಹಿಡಿಸಿದರೆ ಅವು ಕಪ್ಪಾಗುತ್ತವೆ. ಬಣ್ಣ ಒಣಗಿಸುವ ಒಲೆಗಳ ಚಿಮಣಿಯಲ್ಲಿ ಇವನ್ನು ತುಂಬಿದರೆ, ಬಿಸಿಯಾಗಿ ಹಾದುಹೋಗುವ ವಿಷದ ಆವಿ ಅಲ್ಲೇ ಸುಟ್ಟು ನಿರುಪದ್ರವಿಯಾಗುತ್ತದೆ. ಪುಸ್ತಕದ ಭಾಷೆಯಲ್ಲಿ ಇದು ಕ್ರಿಯಾವರ್ಧಕ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಅದು ಬರೀ ಗುಂಡು.

ಗುಂಡು ಗಾಳಿಯನ್ನು ತೊಳೆಯುತ್ತಿತ್ತು, ಗುಂಡನ್ನು ತೊಳೆದ ನೀರು ಹೊಲಕ್ಕೆ ಹೋಗುತ್ತಿತ್ತು. ನಮ್ಮ ಹಳೆಯ ವಿಧಾನವೇ ಹಾಗಿತ್ತು. ಗುಂಡುಗಳನ್ನು ಲೋಹದ ಉಪ್ಪಿನ ನೀರಿನಲ್ಲಿ ನೆನೆಹಾಕಿ ಸೋಡಾ ಸುರಿದು, ಆಮೇಲೆ ಆರೇಳು ಸಲ ತೊಳೆಯಬೇಕು. ತೊಳೆದ ತೆಳುನೀಲಿ ನೀರು ಹಿಂದಿನ ಗುಂಡಿಗೆ ಬಿದ್ದು, ಗುಂಡಿ ತುಂಬಿದಾಗ ಪಕ್ಕದ ಕಾಲುವೆಗೆ ಇಳಿಯುತ್ತಿತ್ತು. ಆ ಕಾಲುವೆಯಿಂದ ನೀರು ಕಟ್ಟಿಕೊಳ್ಳುತ್ತಿದ್ದ ರೈತ ಗಾದಿಲಿಂಗಪ್ಪ. ಶಿವರಾತ್ರಿಯ ಹೊತ್ತಿಗೆ ಅವನ ಎರಡನೇ ಬೆಳೆಯ ಭತ್ತ, ನಮ್ಮ ಗೋಡೆಗೆ ಹತ್ತಿದ ಮೂರು ಮಡಿಗಳಷ್ಟು, ಬುಡದಿಂದ ಹಳದಿಯಾಯಿತು. ಅವನು ಕೂಗಾಡಲಿಲ್ಲ. ಒಂದು ಹಿಡಿ ಸಸಿ ಕಿತ್ತು ತಂದು ರುದ್ರಪ್ಪನವರ ಮೇಜಿನ ಮೇಲೆ ಇಟ್ಟ.

"ಇದಕ್ಕ ಏನು ಔಷಧ ಹೊಡೀಬೇಕು ಹೇಳ್ರಿ ಸಾವ್ಕಾರ್ರ. ನೀವೇ ಹಾಕಿದ ರೋಗ, ನಿಮಗೇ ಗೊತ್ತಿರ್ತೈತಿ."

ಹದಿನೈದು ದಿನದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನೋಟಿಸು ಬಂತು. ರುದ್ರಪ್ಪನವರು ಅದನ್ನು ನನ್ನ ಮುಂದೆ ಹಿಡಿದು, "ಏನಮ್ಮ, ಇಷ್ಟು ಓದೀರಿ. ನೀರು ಹೊರಗ ಬಿಡದಂಗ ಗುಂಡು ಮಾಡಾಕ ಬರ್ತೈತೋ ಇಲ್ಲೋ? ಬರೋದಿಲ್ಲಾಂದ್ರ ಯುಗಾದಿಗೆ ಬೀಗ ಹಾಕಿ ಎಲ್ಲಾರೂ ಮನಿಗೆ ಹೋಗಾನ" ಎಂದರು.

ಬರುತ್ತದೆ ಎಂದು ನನಗೆ ಗೊತ್ತಿತ್ತು. ಒಣಗಿದ ಗುಂಡು ತನ್ನ ರಂಧ್ರಗಳಲ್ಲಿ ಎಷ್ಟು ನೀರು ಕುಡಿಯುತ್ತದೆ ಎಂದು ಮೊದಲು ಅಳೆಯಬೇಕು. ಸರಿಯಾಗಿ ಅಷ್ಟೇ ನೀರಿನಲ್ಲಿ ಬೇಕಾದಷ್ಟೇ ಲೋಹದ ಉಪ್ಪು ಕರಗಿಸಿ, ಗುಂಡುಗಳನ್ನು ಉರುಳಿಸುತ್ತಾ ಅದನ್ನು ಚಿಮುಕಿಸಬೇಕು. ಎಲ್ಲವನ್ನೂ ಗುಂಡೇ ಕುಡಿದುಬಿಡುತ್ತದೆ. ಸೋಡಾ ಇಲ್ಲ, ತೊಳೆಯುವುದಿಲ್ಲ, ಚೆಲ್ಲುವುದಿಲ್ಲ. ಒಣಗಿಸಿ ಭಟ್ಟಿಯಲ್ಲಿ ಸುಟ್ಟರೆ ಉಪ್ಪು ಹೋಗಿ ಆಕ್ಸೈಡ್ ಉಳಿಯುತ್ತದೆ. ಸಂಕ್ರಾಂತಿಗೆ ಮುಂಚೆ ನಮ್ಮಮ್ಮ ಕುಸುರೆಳ್ಳು ಮಾಡುವುದು ಹೀಗೆಯೇ. ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಚಮಚ ಚಮಚವಾಗಿ ಬಿಟ್ಟು, ಒಂದು ಚಮಚ ಹೆಚ್ಚಾದರೂ ಎಲ್ಲ ಮುದ್ದೆ ಎಂದು ಬೈಯುತ್ತಾ, ಬೆರಳು ಸುಟ್ಟುಕೊಂಡು.

ಪುಸ್ತಕದಲ್ಲಿ ಇದು ಎರಡು ಸಾಲಿನ ಮಾತು. ನಮ್ಮ ಶೆಡ್ಡಿನಲ್ಲಿ ಅದು ಸಾಧ್ಯವಾದದ್ದು ಮೌಲಾಸಾಬನಿಂದ.

ಮೌಲಾಸಾಬ್ ನಮ್ಮ ಭಟ್ಟಿಯ ಕೆಲಸಗಾರ. ಐವತ್ತರ ಆಸುಪಾಸಿನ ವಯಸ್ಸು, ಕುರುಗೋಡಿನವನು. ಅವನ ಮನೆತನದ್ದು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಕಸುಬು. ಸ್ಟೀಲು ಬಂದು ಕಲಾಯಿ ಹಾಕಿಸುವವರೇ ಇಲ್ಲವಾದಾಗ ಇಲ್ಲಿಗೆ ಬಂದಿದ್ದ. ನಾನು ಅವನನ್ನು ಮೌಲಣ್ಣ ಎನ್ನುತ್ತಿದ್ದೆ. ಅವನು ನನ್ನನ್ನು ಮೇಡಮ್ಮಾರ ಎನ್ನುತ್ತಿದ್ದ. ಭಟ್ಟಿಯ ಮೀಟರು ಕೆಟ್ಟರೆ ಕಬ್ಬಿಣದ ತಟ್ಟೆಯ ಬಣ್ಣ ನೋಡಿ ಶಾಖ ಹೇಳುತ್ತಿದ್ದ, ಮೀಟರು ರಿಪೇರಿಯಾಗಿ ಬಂದಾಗ ಅವನ ಮಾತೇ ಸರಿ ಇರುತ್ತಿತ್ತು. ಮಿಠಾಯಿ ಅಂಗಡಿಯವರು ಮಾರಿದ ಹಳೆಯ ಉರುಳುವ ಬಾಂಡಲೆಯೊಂದನ್ನು ಬಳ್ಳಾರಿಯಿಂದ ತಂದು ನಾವು ಪ್ರಯೋಗ ಶುರು ಮಾಡಿದೆವು. ಮೊದಲ ನಾಲ್ಕು ಸಲವೂ ಗುಂಡುಗಳು ಒಂದಕ್ಕೊಂದು ಅಂಟಿಕೊಂಡವು, ಇಲ್ಲವೇ ಅರ್ಧ ಬಿಳಿಯಾಗಿ ಉಳಿದವು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಐದನೆಯ ಸಲ ಮೌಲಾಸಾಬ್ ಬಾಂಡಲೆಗೆ ಕಿವಿ ಹತ್ತಿರ ತಂದು ನಿಂತ.

"ಮೇಡಮ್ಮಾರ, ಸಪ್ಪಳ ಕೇಳ್ರಿ. ಗಲಗಲ ಅನ್ನಾಕತ್ತೈತೋ, ಇನ್ನ ನೀರಡಿಸೈತಿ ಅಂತ ಅರ್ಥ. ದನಿ ಮೆತ್ತಗಾತೋ, ಕೈ ಬಿಡಬೇಕು. ನೀವು ಮೇಲಿಂದ ಮೇಲೆ ಕುಡಿಸ್ತೀರಿ. ಅದಕ್ಕ ನುಂಗಾಕ ಹೊತ್ತು ಕೊಡ್ರಿ."

ಹೊತ್ತು ಕೊಟ್ಟೆವು. ಯುಗಾದಿಗೆ ಎರಡು ದಿನ ಇರುವಾಗ ಬಾಂಡಲೆಯ ತಳ ಒಣಗಿಯೇ ಇತ್ತು, ಗುಂಡುಗಳೆಲ್ಲ ಒಂದೇ ನೀಲಿಯಾಗಿದ್ದವು. ಮೌಲಾಸಾಬ್ ಬೆರಳಿನಿಂದ ತಳ ಸವರಿ, ಬೆರಳನ್ನು ನನಗೆ ತೋರಿಸಿ ನಕ್ಕ. ಒಂದು ಹನಿಯೂ ಇರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸಂತೋಷದ ದಿನಗಳು ಕಡಿಮೆ.

ಅದೇ ವಾರ ಸ್ವಲ್ಪ ಗುಂಡುಗಳನ್ನು ಚಿಕ್ಕ ಒಲೆಯಲ್ಲಿ ಸುಟ್ಟಾಗ ಕಂದು ಹೊಗೆ ಬಂತು. ಬರಲೇಬೇಕಿತ್ತು. ನಾವು ಬಳಸುತ್ತಿದ್ದದ್ದು ನೈಟ್ರೇಟ್ ಉಪ್ಪು. ಹಳೆಯ ವಿಧಾನದಲ್ಲಿ ಅದರ ಕೆಟ್ಟದ್ದೆಲ್ಲ ತೊಳೆದ ನೀರಿನಲ್ಲಿ ಹೋಗುತ್ತಿತ್ತು. ತೊಳೆಯದಿದ್ದರೆ ಅದು ಭಟ್ಟಿಯಲ್ಲಿ ಗಾಳಿಗೆ ಏಳುತ್ತದೆ. ಹೊಲಕ್ಕೆ ಹೋಗುತ್ತಿದ್ದ ವಿಷವನ್ನು ನಾನು ಶೆಡ್ಡಿನೊಳಗೆ ತಂದಿದ್ದೆ. ನಾನು ಕಿಟಕಿ ತೆಗೆದೆ, ಆಮೇಲೆ ರುದ್ರಪ್ಪನವರ ಹತ್ತಿರ ಹೋದೆ. ಹೊಗೆಯನ್ನು ಸುಣ್ಣದ ನೀರಿನಲ್ಲಿ ಹಾಯಿಸಿ ಬಿಡುವ ಗೋಪುರವೊಂದು ಬೇಕು ಎಂದೆ.

"ಆ ಸುಣ್ಣದ ನೀರು ಆಮ್ಯಾಲೆ ಎಲ್ಲಿ ಹೊಕ್ಕೈತಿ?" ಎಂದು ಕೇಳಿದರು.

ಅದಕ್ಕೆ ಇನ್ನೊಂದು ಗುಂಡಿ ತೋಡಿಸಬೇಕು ಎಂದೆ.

"ಮತ್ತ ನೀರು ಬಂತಲ್ಲಮ್ಮ! ಅದನ್ನ ಬ್ಯಾಡಂತ ಅಲ್ಲೇನು ಇಷ್ಟೆಲ್ಲ ಮಾಡಿದ್ದು?"

ನೈಟ್ರೇಟ್ ಬಿಟ್ಟು ಬೇರೆ ಉಪ್ಪು ತರಿಸಬಹುದು, ಆದರೆ ದುಬಾರಿ ಎಂದೆ. "ಮುಂದಿನ ವರ್ಷ ನೋಡಾನ" ಎಂದರು. ಕೊನೆಗೆ ಭಟ್ಟಿಯ ಬಾಯಿಗೆ ಒಂದು ಫ್ಯಾನು, ಮಾಡಿನ ಮೇಲಕ್ಕೆ ಒಂದು ಕೊಳವೆ ಹಾಕಿಸಲು ಒಪ್ಪಿದರು. ನಾನೂ ಒಪ್ಪಿಕೊಂಡೆ. ನಾನು ಬರೆದ ವರದಿಯಲ್ಲಿ "ತ್ಯಾಜ್ಯ ನೀರು: ಇಲ್ಲ" ಎಂಬ ಸಾಲಿಗೆ ಕೆಳಗೆರೆ ಎಳೆದಿದ್ದೆ. ಹೊಗೆಯ ಬಗ್ಗೆ ಯಾರೂ ಕೇಳಿರಲಿಲ್ಲ, ನಾನು ಬರೆದಿರಲಿಲ್ಲ. ಗುಂಡು ತೊಳೆಯುತ್ತಿದ್ದ ನಾಲ್ಕು ಹೆಂಗಸರನ್ನು ಆ ತಿಂಗಳೇ ಬಿಡಿಸಿದರು. ಅದನ್ನೂ ನಾನು ವಿಧಾನದ ಲಾಭ ಎಂದೇ ಎಣಿಸಿದೆ.

ಆ ವರ್ಷದ ಬಿಸಿಲಿಗೆ ಶೆಡ್ಡಿನ ತಗಡು ಹಗಲಿಡೀ ಟಕಟಕ ಎನ್ನುತ್ತಿತ್ತು. ಮಧ್ಯಾಹ್ನ ಹೊರಗಿನ ಗಾಳಿಯೇ ಭಟ್ಟಿಯ ಗಾಳಿಯ ಹಾಗೆ ಮುಖಕ್ಕೆ ಬಡಿಯುತ್ತಿತ್ತು. ದೊಡ್ಡ ಆರ್ಡರು ಬಂದಿತ್ತು, ದಿನಕ್ಕೆ ಎರಡು ಸಲ ಭಟ್ಟಿ ತುಂಬುತ್ತಿದ್ದೆವು. ಮೌಲಾಸಾಬ್ ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು ನಿಲ್ಲುತ್ತಿದ್ದ. "ಕಲಾಯಿಗೆ ನವಸಾಗರ ಹಾಕಿದ್ರೂ ಹೊಗಿ ಬರ್ತಿತ್ರಿ. ಅದು ಕಣ್ಣಾಗ ನೀರು ತರಿಸಿ ಹೊಕ್ಕಿತ್ತು. ಇದು ಹಂಗಲ್ಲ, ಎದಿಯಾಗ ಕುಂದ್ರತೈತಿ" ಎಂದು ಒಂದು ದಿನ ಹೇಳಿದ. ಫ್ಯಾನಿನ ಹತ್ತಿರ ನಿಲ್ಲಿ ಎಂದೆ. ಒಂದು ಒಳ್ಳೆಯ ಮುಖವಾಡ ತರಿಸಿಕೊಡಬೇಕು ಎಂದುಕೊಂಡೆ. ತರಿಸಲಿಲ್ಲ.

ಮಳೆಗೆ ಇನ್ನೂ ಎರಡು ವಾರವಿದ್ದಾಗ, ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಕರೆಂಟು ಹೋಯಿತು. ಭಟ್ಟಿ ಉರಿಯುತ್ತಿದ್ದದ್ದು ಡೀಸೆಲ್ಲಿನಲ್ಲಿ, ಅದು ನಿಲ್ಲಲಿಲ್ಲ. ಫ್ಯಾನು ನಿಂತಿತು. ಮೌಲಾಸಾಬ್ ನನ್ನ ಕೋಣೆಯ ಬಾಗಿಲಿಗೆ ಬಂದ.

"ಮೇಡಮ್ಮಾರ, ಫ್ಯಾನು ನಿಂತೈತ್ರಿ. ಹೊಗಿ ಎಲ್ಲಾ ಒಳಗ ತಿರುಗಾಕತ್ತೈತಿ. ಭಟ್ಟಿ ಆರಸ್ಲೇನ್ರಿ?"

ನಾನು ಗಡಿಯಾರ ನೋಡಿದೆ. ಅರ್ಧ ಸುಟ್ಟ ಗುಂಡು ಕೆಲಸಕ್ಕೆ ಬರುವುದಿಲ್ಲ. ಲಾರಿ ಮರುದಿನ ಬೆಳಿಗ್ಗೆ ಬರುವುದಿತ್ತು. ಇಡೀ ಭಟ್ಟಿಯ ಸರಕು ಹಾಳಾದರೆ ರುದ್ರಪ್ಪನವರ ಮುಂದೆ ನಾನು ನಿಲ್ಲಬೇಕಿತ್ತು.

"ಇನ್ನ ಅರ್ಧ ತಾಸು ಅಷ್ಟೇ ಅಲ್ಲ, ಮೌಲಣ್ಣ? ಬಾಗಿಲು ಎರಡೂ ತೆಗೆದಿಟ್ಟು ಮುಗಿಸಿಬಿಡ್ರಿ. ನಡುನಡುವೆ ಹೊರಗೆ ಬರ್ರಿ" ಎಂದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. "ಆಗ್ಲಿ ಬಿಡ್ರಿ" ಎಂದು ಹೋದ.

ಅರ್ಧ ತಾಸು ಮುಕ್ಕಾಲು ತಾಸಾಯಿತು. ನಾನು ಶೆಡ್ಡಿನ ಕಡೆ ಹೋಗಲಿಲ್ಲ, ನನ್ನ ಕೋಣೆಯಲ್ಲಿ ಲೇಬಲ್ಲು ಬರೆಯುತ್ತಿದ್ದೆ. ಆಮೇಲೆ ಅವನು ಹೊರಗಿನ ಬೇವಿನ ಮರದ ಕೆಳಗೆ ಕೂತು ಬಹಳ ಹೊತ್ತು ಕೆಮ್ಮಿದ. ನೀರು ಕೊಟ್ಟೆ, ಚಹಾ ತರಿಸಿದೆ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. "ಏನಿಲ್ರಿ, ಈಗ ಆರಾಮದೀನಿ" ಎಂದು ಬಸ್ಸು ಹತ್ತಿ ಕುರುಗೋಡಿಗೆ ಹೋದ. ಈ ಹೊಗೆ ಒಳಗೆ ಹೋದ ಮೇಲೆ ಹಲವು ತಾಸು ಏನೂ ಆಗದ ಹಾಗೆ ಇರುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದನ್ನು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ಸಂಜೆ ಅವನು ಬಸ್ಸು ಹತ್ತುವುದನ್ನು ನೋಡುತ್ತಾ ನಿಂತಿದ್ದಾಗ ನೆನಪಾಗಲಿಲ್ಲ, ಅಥವಾ ನೆನಪಾಗದಿರಲಿ ಎಂದು ನಾನು ಬಯಸಿದ್ದೆ. ಯಾವುದು ಎಂದು ಇವತ್ತಿಗೂ ಹೇಳಲಾರೆ.

ಬೆಳಿಗ್ಗೆ ಫೋನು ಬಂತು. ಅವನನ್ನು ಬಳ್ಳಾರಿಯ ಆಸ್ಪತ್ರೆಗೆ ತಂದಿದ್ದರು. ನಾನು ಹೋಗುವಷ್ಟರಲ್ಲಿ ಮುಖಕ್ಕೆ ಆಮ್ಲಜನಕದ ಕೊಳವೆ ಹಾಕಿದ್ದರು, ತುಟಿ ನೀಲಿಗಟ್ಟಿತ್ತು. ಅವನ ಹೆಂಡತಿ ಖಾಸಿಂಬಿ ಗೋಡೆಗೆ ಆತು ನಿಂತಿದ್ದಳು. ನನಗಿಂತ ಮುಂಚೆ ಬಂದಿದ್ದ ರುದ್ರಪ್ಪನವರು ಡಾಕ್ಟರಿಗೆ, "ಕಲಾಯಿ ಕೆಲಸದವ್ರು ಸಾರ್, ಇವ್ರಿಗೆ ಮೊದ್ಲಿಂದ ಎದಿ ಕೆಟ್ಟಿರ್ತೈತಿ. ಬೀಡಿನೂ ಸೇದ್ತಾನ" ಎನ್ನುತ್ತಿದ್ದರು. ನಾನು ಮುಂದೆ ಹೋಗಿ ಹೊಗೆಯ ಹೆಸರು ಹೇಳಿದೆ. ಡಾಕ್ಟರು ನನ್ನನ್ನು ಒಂದು ಸಲ ನೋಡಿ ಏನೋ ಬರೆದುಕೊಂಡರು. ಅವತ್ತು ಅವನು ಉಳಿದದ್ದು ಅದರಿಂದ ಎಂದು ಆಮೇಲೆ ಹೇಳಿದರು. ಆ ಒಂದು ಮಾತನ್ನು ನಾನು ಬಹಳ ದಿನ ಹಿಡಿದುಕೊಂಡಿದ್ದೆ.

ಹತ್ತು ದಿನಕ್ಕೆ ಮನೆಗೆ ಕಳಿಸಿದರು. ಮೂರು ವಾರದ ಮೇಲೆ ಮತ್ತೆ ಉಸಿರು ಕಟ್ಟಿತು. ಈ ಸಲ ಒಳಗಿನ ಸಣ್ಣ ನಾಳಗಳು ಗಾಯ ಮಾಯುವಾಗ ಮುಚ್ಚಿಕೊಳ್ಳುತ್ತಿವೆ, ಇದಕ್ಕೆ ಔಷಧ ಹೆಚ್ಚೇನೂ ಇಲ್ಲ ಎಂದರು. ಮೌಲಾಸಾಬ್ ಮತ್ತೆ ಕೆಲಸಕ್ಕೆ ಬರಲಿಲ್ಲ.

ಆಸ್ಪತ್ರೆಯ ಕಾಗದ ನೋಡಿ ಕಾರ್ಖಾನೆ ಇಲಾಖೆಯ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ನಡೆದದ್ದನ್ನು ಲಿಖಿತವಾಗಿ ಕೊಡಿ ಎಂದು ನನ್ನನ್ನು ಕೇಳಿದರು. ಫ್ಯಾನು ನಡೆಯುತ್ತಿತ್ತು, ಕೆಲಸಗಾರ ಮಾತು ಕೇಳದೆ ಒಳಗೆ ಹೋದ ಎಂದು ಬರೆಯಲು ರುದ್ರಪ್ಪನವರು ಹೇಳಿದರು. ಸುಳ್ಳು ಬರೆಯುವುದಿಲ್ಲ ಎಂದೆ. ಮನೆಗೆ ಬಂದು ಹಾಳೆ ಮುಂದಿಟ್ಟುಕೊಂಡು ಕೂತೆ. ಎರಡು ತಾಸಾದರೂ ಎರಡು ಸಾಲು ಆಗಿರಲಿಲ್ಲ. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನನ್ನ ಹಿಂದೆ ನಿಂತು ಓದಿದರು.

"'ನಾನು ಹೇಳಿದೆ' ಅಂತ ಯಾಕ ಬರೀಬೇಕು?" ಎಂದರು. "ಫ್ಯಾನು ನಿಂತಿತ್ತು, ಕೆಲಸ ಮುಂದುವರಿಸಲಾಯಿತು. ಅಷ್ಟ ಬರಿ. ಕರ್ತೃ ಬಿಟ್ಟುಬಿಡು. ಸುಳ್ಳೂ ಆಗಂಗಿಲ್ಲ, ನಿನ್ನ ಕುತ್ತಿಗಿಗೂ ಬರಂಗಿಲ್ಲ."

"ಅಪ್ಪ, ಅವನು ಬಂದು ಕೇಳಿದ್ದ."

"ಕೇಳಿದ್ದು ಯಾರಿಗೆ ಗೊತ್ತದ? ಇಬ್ಬರಿಗೆ. ನೀನು ಇನ್ನೂ ಮದುವಿ ಆಗಬೇಕಾದಾಕಿ. ಕೋರ್ಟು ಕಟ್ಟಿ ಹತ್ತೋದು ನಮಗ ಬ್ಯಾಡ."

ಅಪ್ಪ ಕೆಟ್ಟವರಲ್ಲ. ನಲವತ್ತು ವರ್ಷ ಅವರು ಬರೆದದ್ದೇ ಅಂಥ ವಾಕ್ಯಗಳನ್ನು. ನಾನು ಹಾಗೆಯೇ ಬರೆದೆ. "ವಿದ್ಯುತ್ ನಿಲುಗಡೆಯಿಂದ ಫ್ಯಾನು ಸ್ಥಗಿತಗೊಂಡಿತ್ತು. ಕೆಲಸವನ್ನು ಮುಂದುವರಿಸಲಾಯಿತು." ಓದಿ ನೋಡಿದರೆ ಎಲ್ಲವೂ ನಿಜ. ಸಹಿ ಮಾಡಿದೆ. ಕೆಲಸಗಾರ ಸ್ವಂತ ತೀರ್ಮಾನದಿಂದ ಒಳಗೆ ಉಳಿದ ಎಂದು ವಿಚಾರಣೆ ಮುಗಿಯಿತು. ರುದ್ರಪ್ಪನವರು ಕರುಣೆಯಿಂದ ಎಂಬಂತೆ ಏನೋ ಒಂದಿಷ್ಟು ಕೊಟ್ಟರು.

ಅಷ್ಟರಲ್ಲಿ ಮಳೆ ಬಂದಿತ್ತು, ಕಾಲುವೆಗೆ ನೀರು ಬಿಟ್ಟರು, ದೇಶನೂರಿನ ಸುತ್ತ ನಾಟಿ ಶುರುವಾಯಿತು. ಒಂದು ದಿನ ಗಾದಿಲಿಂಗಪ್ಪ ಅರ್ಧ ಚೀಲ ಅಕ್ಕಿ ಹೊತ್ತು ತಂದು ನನ್ನ ಮುಂದೆ ಇಳಿಸಿದ. "ಉಳಿದ ಮಡಿಯಾಗ ಬಂದಿದ್ರಿ. ಈ ಸಲ ಗ್ವಾಡಿ ಮಗ್ಗಲಿದ್ದ ಸಸಿನೂ ಹಸರಾಗೈತಿ. ನಿಮ್ಮ ಪುಣ್ಯರಿ ಮೇಡಮ್ಮ" ಎಂದು ಕೈಮುಗಿದ. ಅವನ ಹೊಲ ಉಳಿದದ್ದೂ ನಿಜವಾಗಿತ್ತು. ಆ ಅಕ್ಕಿಯನ್ನು ಮನೆಗೆ ಒಯ್ದೆ, ಅಮ್ಮ ಅನ್ನ ಮಾಡಿದಳು, ನನಗೆ ಇಳಿಯಲಿಲ್ಲ.

ಮರುದಿನ ನಾನು ಇನ್ನೊಂದು ಕಾಗದ ಬರೆದೆ. ಅದರಲ್ಲಿ "ನಾನು" ಇತ್ತು. ಅದನ್ನು ಅಧಿಕಾರಿಗೆ ಕೊಡುವ ಮುಂಚೆ ಮೌಲಾಸಾಬನಿಗೆ ಓದಿ ಹೇಳಬೇಕೆಂದು ಕುರುಗೋಡಿಗೆ ಹೋದೆ. ಬಂಡೆ ಗುಡ್ಡದ ಕೆಳಗೆ ಅವನ ಮನೆ. ಬಾಗಿಲ ಬಳಿ ಮಂಚ ಹಾಕಿಸಿಕೊಂಡು, ಎರಡು ದಿಂಬಿಗೆ ಆತು ಕೂತಿದ್ದ. ಅರ್ಧ ಆಳಾಗಿದ್ದ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಹುಡುಕಬೇಕಾಗುತ್ತಿತ್ತು.

ನಾನು ಓದಿದೆ. ಅವನು ಕಣ್ಣು ಮುಚ್ಚಿ ಕೇಳಿದ.

"ಆ ಸಾಹೇಬ್ರು ಇಲ್ಲಿಗೂ ಬಂದಿದ್ರು" ಎಂದ. "ಒಳಗ ಇರು ಅಂತ ಯಾರು ಹೇಳಿದ್ರು ಅಂತ ಕೇಳಿದ್ರು."

"ನೀವು ಏನು ಹೇಳಿದ್ರಿ?"

"ಮೇಡಮ್ಮಾರು ಬರದು ಕೊಟ್ಟಿರ್ತಾರ, ಅದ್ನ ನೋಡ್ರಿ ಅಂದೆ."

ನಾನು ಕಾಗದ ಮಡಿಚಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಲಿಲ್ಲ.

"ಕಲ್ತವ್ರು ಬರದದ್ದಕ್ಕ ತೂಕ ಇರ್ತೈತಿ ಅಂತ... ಅಂದ್ಕಂಡಿದ್ದೆ. ಇರ್ಲಿ. ಈಗರ ಕೊಡ್ರಿ ಅದನ್ನ. ನನಗಲ್ಲ. ಆ ಭಟ್ಟಿ ಮುಂದ ಈಗ ಇನ್ನೊಬ್ಬ ನಿಂತಿರ್ತಾನ."

ಕೊಟ್ಟೆ. ಮುಗಿದ ವಿಚಾರಣೆ ತೆರೆಯಲು ಬರುವುದಿಲ್ಲ ಎಂದು ಅಧಿಕಾರಿ ಹೇಳಿದರು. ಆದರೂ ಒಂದು ದಿನ ಬಂದು ನೋಡಿ, ಇನ್ನೊಂದು ಫ್ಯಾನು ಹಾಕಿಸಿ, ಅದಕ್ಕೆ ಬ್ಯಾಟರಿ ಕೂಡಿಸಿ, ಕೊಳವೆ ಎತ್ತರಿಸಿ ಎಂದು ರುದ್ರಪ್ಪನವರಿಗೆ ಹೇಳಿ ಹೋದರು. ಅವರು ಅಷ್ಟನ್ನು ಮಾಡಿಸಿದರು, ಅದೇ ತಿಂಗಳು ನನ್ನನ್ನು ಬಿಡಿಸಿದರು. ಅಲ್ಲಿ ಈಗಲೂ ನೈಟ್ರೇಟ್ ಉಪ್ಪಿನಿಂದಲೇ ಗುಂಡು ಮಾಡುತ್ತಾರೆ. ಹನಿ ನೀರು ಹೊರಗೆ ಬಿಡುವುದಿಲ್ಲ ಎಂಬ ಫಲಕ ಗೇಟಿನ ಮೇಲಿದೆ ಎಂದು ಕೇಳಿದ್ದೇನೆ.

ಮೌಲಾಸಾಬ್ ಆ ಚಳಿಗಾಲ ದಾಟಲಿಲ್ಲ. ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋದಾಗ ಖಾಸಿಂಬಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದ್ದು ನಿಲ್ಲಲಿಲ್ಲ, ಕೂಡು ಎನ್ನಲೂ ಇಲ್ಲ. ಮನೆಗೆ ಏನಾದರೂ ಬೇಕಿದ್ದರೆ ಹೇಳಿ ಎಂದು ನಾನು ತೊದಲಿದೆ. ಅವನು ನನ್ನನ್ನು ಕ್ಷಮಿಸಿದ್ದನೇ ಎಂದು ಕೇಳುವ ಧೈರ್ಯ ಇರಲಿಲ್ಲ, ಆದರೆ ಆ ಪ್ರಶ್ನೆ ನನ್ನ ಮುಖದಲ್ಲಿ ಇದ್ದಿರಬೇಕು.

"ಅವ್ರು ನಿಮ್ಮ ಮ್ಯಾಲೆ ಸಿಟ್ಟು ಇಟ್ಕಂಡಿರಲಿಲ್ರಿ" ಎಂದಳು, ಮೊರದಿಂದ ಕಣ್ಣೆತ್ತದೆ. "ಮೇಡಮ್ಮಾರು ಒಳ್ಳೇರು ಅಂತನ ಅಂದು ಹೋದ್ರು. ನನಗ ಐತಿ ಸಿಟ್ಟು. ಅದು ನನ್ನದು, ನನ್ನ ಹತ್ರ ಇರ್ಲಿ. ಅದನ್ನ ಬಿಡಸಾಕ ಅಂತ ಮತ್ತ ಮತ್ತ ಬರಬ್ಯಾಡ್ರಿ."

ಆಗಲಿ ಎಂದು ಹೇಳಿ ಬಂದೆ. ಮತ್ತೆ ಹೋಗಿಲ್ಲ.